ಹಡಗಿಗೊಂದು ರಿಯಾಯಿತಿ ಚೀಟಿ

ರಿಯಾಯಿತಿ ಎಂಬ ಮಾತಿನಲ್ಲಿ ಏನೋ ಒಂದು ಮಾಯೆಯಿದೆ. ಬೇಕಾದ ಪದಾರ್ಥವನ್ನು ಪೂರ್ಣ ಬೆಲೆಗೆ ಕೊಳ್ಳಲು ಹಿಂದೆಮುಂದೆ ನೋಡುವ ಮನುಷ್ಯನು, ಬೇಡದ ಪದಾರ್ಥವು ಮುಕ್ಕಾಲು ಬೆಲೆಗೆ ಸಿಕ್ಕುವುದೆಂದರೆ ಓಡಿಹೋಗಿ ತರುತ್ತಾನೆ. ಭಾಲ್ಕಿಯ ಶಾಲೆಯೊಂದರಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಕನ್ನಡ ವ್ಯಾಕರಣವನ್ನು ಬೋಧಿಸಿ ನಿವೃತ್ತನಾದ ನಾನೂ ಈ ದೌರ್ಬಲ್ಯಕ್ಕೆ ಹೊರತಾದವನಲ್ಲ.

ಆದರೆ ನನಗೂ ರಿಯಾಯಿತಿಗೂ ಜಾತಕ ಕೂಡಿಬರಲಿಲ್ಲ. ಅರವತ್ತು ತುಂಬಿದ ಗಂಡಸಿಗೆ ರೈಲಿನಲ್ಲಿ ನೂರಕ್ಕೆ 40ರಷ್ಟು ದರವನ್ನು ಬಿಡುತ್ತಿದ್ದ ಕಾಲವೊಂದಿತ್ತು. ನನಗೆ ಅರವತ್ತು ತುಂಬುವ ಮೊದಲೇ, 2020ರ ಮಾರ್ಚ್ 20ರಂದು, ಆ ಸೌಲಭ್ಯ ನಿಂತುಹೋಯಿತು. ಬಸ್ಸಿನ ಕಡೆಗೆ ತಿರುಗಿದೆನೆಂದರೆ, 2023ರ ಜೂನ್ 11ರಿಂದ ‘ಶಕ್ತಿ’ ಯೋಜನೆಯ ಕೃಪೆಯಿಂದ ನನ್ನ ಮಡದಿಗೆ ಸೊನ್ನೆ ರೂಪಾಯಿಯ ಚೀಟಿ. ಪಕ್ಕದಲ್ಲಿ ಕುಳಿತ ನನಗೆ ಪೂರ್ಣ ದರ. ಭಾಲ್ಕಿಯಿಂದ ಬೀದರಿಗೆ ಹೋಗುವಾಗಲೆಲ್ಲ ಆಕೆ ಆ ಚೀಟಿಯನ್ನು ನನ್ನ ಕಣ್ಣಿಗೆ ಬೀಳುವಂತೆ ಮಡಿಸಿ ಚೀಲದಲ್ಲಿಟ್ಟುಕೊಳ್ಳುವ ವೈಖರಿಯನ್ನು ವಿವಾಹಿತರಾದ ವಾಚಕರಿಗೆ ನಾನು ವರ್ಣಿಸಬೇಕಾಗಿಲ್ಲ.

ಹೀಗಿರುವಲ್ಲಿ ಒಂದು ದಿನ ನನ್ನ ತಮ್ಮನು ಜಾಹೀರಾತೊಂದನ್ನು ಹಿಡಿದು ತಂದನು. ಮುಂಬಯಿಯಿಂದ ಹೊರಟು, ಗೋವೆಯನ್ನು ಮುಟ್ಟಿ ಹಿಂದಿರುಗುವ ಮೂರು ರಾತ್ರಿಗಳ ಸಮುದ್ರಯಾನ. ಕೆಳಗೆ ಕೆಂಪಕ್ಷರಗಳಲ್ಲಿ, ಸೈನಿಕರಿಗೆ, ಪೊಲೀಸರಿಗೆ ಮತ್ತು ತುರ್ತು ಸೇವೆಯವರಿಗೆ ವಿಶೇಷ ರಿಯಾಯಿತಿ ಎಂಬ ಒಕ್ಕಣೆ. ತಮ್ಮನ ಕಣ್ಣುಗಳು ಮಿನುಗುತ್ತಿದ್ದುವು. “ಅಣ್ಣಾ, ಇದು ನಮ್ಮ ಮನೆತನಕ್ಕೇ ಬರ್ದಾರ ನೋಡ್ರಿ” ಎಂದನು.

ಅವನ ಮಾತಿನಲ್ಲಿ ಅತಿಶಯವಿರಲಿಲ್ಲ. ನಮ್ಮಣ್ಣ ಸೈನ್ಯದಲ್ಲಿ ಹವಾಲ್ದಾರನಾಗಿದ್ದು ನಿವೃತ್ತನಾಗಿ ಬೀದರಿನಲ್ಲಿ ನೆಲೆಸಿದವನು. ತಮ್ಮ ಔರಾದಿನ ಕಡೆ ಬಹುಕಾಲ ಹೆಡ್ ಕಾನ್‌ಸ್ಟೇಬಲನಾಗಿದ್ದು ಈಚೆಗೆ ಸೇವೆಯಿಂದ ಬಿಡುಗಡೆ ಹೊಂದಿದವನು. ನನ್ನ ಅಳಿಯಂದಿರು ಔರಾದಿನಲ್ಲಿ 108ರ ಆಂಬುಲೆನ್ಸಿನಲ್ಲಿ ಶುಶ್ರೂಷಕರು. ಸೈನ್ಯ, ಪೊಲೀಸ್, ತುರ್ತು ಸೇವೆ ಮೂರೂ ಒಂದೇ ಚಾವಡಿಯಲ್ಲಿ ಕೂಡಿದ್ದುವು. ಯಾವ ಸಮವಸ್ತ್ರವೂ ಇಲ್ಲದವನು ನಾನೊಬ್ಬನೇ.

ನಮ್ಮದು ಕಡಲಿನ ಸೋಂಕಿಲ್ಲದ ಸೀಮೆ. ಮಾಂಜ್ರಾ ನದಿ ಮತ್ತು ಕಾರಂಜಾ ಜಲಾಶಯ, ನಮ್ಮವರು ಕಂಡ ದೊಡ್ಡ ನೀರೆಂದರೆ ಇವೆರಡೇ. ಆದರೂ ಬೀದರಿನ ಹೆಸರನ್ನು ದೂರದೇಶಕ್ಕೆ ಒಯ್ದವರು ಸಮುದ್ರ ದಾಟಿ ಬಂದವರೇ. ಮದರಸೆಯನ್ನು ಕಟ್ಟಿಸಿದ ಮಹಮೂದ್ ಗವಾನ್ 15ನೆಯ ಶತಮಾನದ ನಡುವಿನಲ್ಲಿ ಪಾರಸಿಕ ದೇಶದ ಗೀಲಾನಿನಿಂದ ಹೊರಟು, ದಾಭೋಳ ಬಂದರಿನಲ್ಲಿ ಇಳಿದು ಬೀದರನ್ನು ಸೇರಿದ ವರ್ತಕ. ರಷ್ಯದ ತ್ವೇರ್ ಪಟ್ಟಣದ ಅಫನಾಸಿ ನಿಕಿಟಿನ್ ಚೌಲ ಬಂದರಿನಲ್ಲಿ ತನ್ನ ಕುದುರೆಯೊಡನೆ ಇಳಿದು, ಅದನ್ನು ಮಾರಿದ್ದು ನಮ್ಮ ಬೀದರಿನಲ್ಲಿಯೇ. ಆ ಕುದುರೆಯನ್ನು ಹಿಂದೂಸ್ಥಾನಕ್ಕೆ ತರಲು ತನಗೆ ನೂರು ರೂಬಲ್ ತಗುಲಿತೆಂದು ಆತನು ಗೋಳಾಡಿ ಬರೆದಿಟ್ಟಿದ್ದಾನೆ. ಹಡಗಿನ ಪ್ರಯಾಣದಲ್ಲಿ ಖರ್ಚಿನ ಮಾತು ಹಳೆಯದೇ ಎಂದಾಯಿತು.

ಭಾನುವಾರ ಅಣ್ಣನ ಮನೆಯಲ್ಲಿ ಕುಟುಂಬದ ಸಭೆ ಸೇರಿತು. ಹೊರಗೆ ಆಕಾಶದಲ್ಲಿ ವಾಯುಪಡೆಯ ತರಬೇತಿಯ ವಿಮಾನಗಳು ಗುಡುಗುತ್ತಿದ್ದುವು. 1996ರಲ್ಲಿ ‘ಸೂರ್ಯಕಿರಣ’ ತಂಡ ಹುಟ್ಟಿದ ಊರಲ್ಲವೇ! ನಡುನಡುವೆ ಮಾತು ನಿಲ್ಲಿಸುತ್ತ, ತಮ್ಮನು ಮುಂಬಯಿಯ ಏಜೆಂಟರಿಗೆ ದೂರವಾಣಿ ಹಚ್ಚಿದನು. ಆ ಮಹಾಶಯನು ವಿಷಯವನ್ನು ಮುಚ್ಚುಮರೆಯಿಲ್ಲದೆ ತಿಳಿಸಿದನು. ದರವನ್ನು ಕಟ್ಟುವುದು ಇಬ್ಬರು ಇರುವ ಕೋಣೆಯ ಲೆಕ್ಕದಿಂದ. ರಿಯಾಯಿತಿ ಮೂಲದರಕ್ಕೆ ಮಾತ್ರ; ಬಂದರಿನ ಶುಲ್ಕಕ್ಕೂ ತೆರಿಗೆಗೂ ಅದು ತಾಕದು. ಜನ ಹೆಚ್ಚಾಗಿ ಹೋಗುವ ಹಬ್ಬದ ದಿನಗಳಲ್ಲಿ ಅದು ಸಿಕ್ಕದು.

ಇದರ ಮರ್ಮವನ್ನು ಅಮೆರಿಕದಲ್ಲಿರುವ ನಮ್ಮ ತಂಗಿಯ ಮಗನು ಹಿಂದೊಮ್ಮೆ ವಿವರಿಸಿದ್ದನು. ಆತನಿರುವುದು ಹ್ಯೂಸ್ಟನ್ ನಗರದಲ್ಲಿ; ಸಮೀಪದ ಗ್ಯಾಲ್ವೆಸ್ಟನ್ ಬಂದರಿನಿಂದ ಇಂಥ ವಿಹಾರದ ಹಡಗುಗಳು ಹೊರಡುತ್ತವೆ. ಆ ದೇಶದ ಹಡಗಿನ ಕಂಪನಿಗಳಲ್ಲಿ ಸೈನಿಕರಿಗೆ, ನಿವೃತ್ತ ಸೈನಿಕರಿಗೆ, ಪೊಲೀಸರಿಗೆ, ಬೆಂಕಿ ಆರಿಸುವವರಿಗೆ ದರ ಬಿಡುವುದು ಸಾಮಾನ್ಯ ರೂಢಿ. ಅದು ಕೃತಜ್ಞತೆಯೂ ಹೌದು, ವ್ಯಾಪಾರವೂ ಹೌದು. ಮಾರದೆ ಉಳಿದ ಬಟ್ಟೆಯನ್ನು ಅಂಗಡಿಯವನು ನಾಳೆ ಮಾರಬಹುದು. ಖಾಲಿ ಕೋಣೆಯೊಡನೆ ಹಡಗು ಬಂದರು ಬಿಟ್ಟಿತೆಂದರೆ ಆ ರಾತ್ರಿಯ ಬೆಲೆ ಸಮುದ್ರದ ಪಾಲು. ಕಡಿಮೆ ದರಕ್ಕೆ ಹತ್ತಿದವನೂ ಒಳಗೆ ಪಾನೀಯಕ್ಕೂ ಆಟಕ್ಕೂ ನೋಟಕ್ಕೂ ಹಣ ಚೆಲ್ಲುತ್ತಾನೆ. ಗೌರವವನ್ನೂ ತೋರಿಸಿದಂತಾಯಿತು, ಕೋಣೆಯೂ ತುಂಬಿತು.

ಇನ್ನು ದಾಖಲೆಗಳ ಪರೀಕ್ಷೆ. ಅಣ್ಣನ ಮಾಜಿ ಸೈನಿಕರ ಗುರುತಿನ ಚೀಟಿಯನ್ನು ಏಜೆಂಟನು ಒಡನೆಯೇ ಒಪ್ಪಿದನು. ತಮ್ಮನದು ಸ್ವಲ್ಪ ತೊಡಕಾಯಿತು. ನಿವೃತ್ತಿಯ ದಿನ ಬೆಲ್ಟಿನೊಡನೆ ಗುರುತಿನ ಚೀಟಿಯನ್ನೂ ಒಪ್ಪಿಸಿ ಬಂದಿದ್ದನು. ಉಳಿದಿದ್ದುದು ಪಿಂಚಣಿಯ ಆಜ್ಞಾಪತ್ರ. ಮೇಲಿನವರನ್ನು ಕೇಳಿ ಅದನ್ನೂ ಆತನು ಅಂಗೀಕರಿಸಿದನು. ಕೊನೆಗೆ ಅಳಿಯಂದಿರು ಕೊರಳಲ್ಲಿದ್ದ ಚೀಟಿಯನ್ನು ತೆಗೆದು ಅದರ ಚಿತ್ರವನ್ನು ಕಳುಹಿಸಿದರು. ಎರಡು ನಿಮಿಷಗಳಲ್ಲಿ ಉತ್ತರ ಬಂದಿತು. ಅದು ಗುತ್ತಿಗೆಯ ಕಂಪನಿಯ ಚೀಟಿ; ಸರ್ಕಾರದ ನೌಕರರಿಗಷ್ಟೇ ರಿಯಾಯಿತಿ.

ಚಾವಡಿ ಕ್ಷಣಕಾಲ ಮೌನವಾಯಿತು. ಆ ಮೌನವನ್ನು ಮುರಿಯಲು ನಾನು ಆಡಿದ ಮಾತಿಗಾಗಿ ಈ ಪ್ರಬಂಧವನ್ನು ಬರೆಯುತ್ತಿದ್ದೇನೆ. “ಅಳಿಯಂದಿರೇ, ನಿಮ್ಮದು ಗುತ್ತಿಗೆಯ ನೌಕರಿ. ಹಡಗಿನವರ ಪಟ್ಟಿಗೆ ನೀವು ಹೇಗೆ ಬಂದೀರಿ? ನೀವೂ ನನ್ನ ಹಾಗೆ ಸಾದಾ ಪ್ರಯಾಣಿಕರು” ಎಂದು ನಗೆಯಾಡಿದೆ. ಎಲ್ಲರೂ ನಕ್ಕರು. ಅಳಿಯಂದಿರೂ ನಕ್ಕರು. ಆದರೆ ಆ ಚೀಟಿಯನ್ನು ಮತ್ತೆ ಕೊರಳಿಗೆ ಹಾಕಿಕೊಳ್ಳದೆ ಅಂಗಿಯ ಜೇಬಿಗೆ ಇಳಿಸಿದರು. ರಾತ್ರಿಯ ಪಾಳಿಯಿದೆಯೆಂದು ಊಟಕ್ಕೂ ನಿಲ್ಲದೆ ಔರಾದಿಗೆ ಹೊರಟುಹೋದರು. ನನ್ನ ಮಗಳು ನನ್ನ ಕಡೆ ನೋಡಿದಳು, ಏನನ್ನೂ ಹೇಳಲಿಲ್ಲ.

ಆ ರಾತ್ರಿ ನನಗೆ ನಿದ್ರೆ ಹತ್ತಲಿಲ್ಲ. 2021ರ ಬೇಸಗೆ ಕಣ್ಣಿಗೆ ಕಟ್ಟಿತು. ಕೊರೋನಾ ಎರಡನೆಯ ಸಲ ಊರೂರನ್ನು ಸುಡುತ್ತಿದ್ದ ದಿನಗಳು. ಮಧ್ಯರಾತ್ರಿಯಲ್ಲಿ ಉಸಿರು ಸಿಕ್ಕದೆ ಒದ್ದಾಡುತ್ತಿದ್ದ ನನ್ನನ್ನು ಭಾಲ್ಕಿಯಿಂದ ಬೀದರಿನ ದೊಡ್ಡ ಆಸ್ಪತ್ರೆಗೆ ಒಯ್ದದ್ದು 108ರ ಗಾಡಿ. ಸುಮಾರು ನಲವತ್ತು ಕಿಲೋಮೀಟರಿನ ಆ ದಾರಿಯುದ್ದಕ್ಕೂ ಆಮ್ಲಜನಕದ ಮುಖವಾಡವನ್ನು ನನ್ನ ಮೂಗಿಗೆ ಒತ್ತಿ ಹಿಡಿದು, “ಉಸಿರು ಎಳ್ಕೊಳ್ರಿ, ಬಂತು, ಬೀದರ ಬಂತು” ಎನ್ನುತ್ತಿದ್ದಾತನ ಮುಖವನ್ನೂ ನಾನು ಕಾಣಲಿಲ್ಲ; ಮುಸುಕಿನೊಳಗೆ ಕಣ್ಣು ಮಾತ್ರ ಕಾಣುತ್ತಿದ್ದುವು. ಆತನು ನನ್ನ ಅಳಿಯನಲ್ಲ, ಅವರ ಜೊತೆಗಾರರಲ್ಲೊಬ್ಬ. ಅಳಿಯಂದಿರು ಅದೇ ಹೊತ್ತಿನಲ್ಲಿ ಔರಾದಿನ ಹಳ್ಳಿಗಳಿಂದ ಇನ್ನಾರ ತಂದೆಯನ್ನೋ ತರುತ್ತಿದ್ದರು. 2008ರ ನವೆಂಬರಿನಲ್ಲಿ ‘ಆರೋಗ್ಯ ಕವಚ’ವೆಂಬ ಹೆಸರಿನಿಂದ ನಮ್ಮ ರಾಜ್ಯದಲ್ಲಿ ಮೊದಲಾದ ಈ ಸೇವೆಯ ಗಾಡಿಯಲ್ಲಿ ಬರುವವರ ನೌಕರಿ ಕಾಯಮ್ಮೋ ಗುತ್ತಿಗೆಯೋ ಎಂದು ಆ ರಾತ್ರಿ ನಾನು ಕೇಳಿರಲಿಲ್ಲ.

ಮರುದಿನ ಅಣ್ಣನ ಮುಂದೆ ಇದನ್ನು ತೋಡಿಕೊಂಡೆ. ಅಣ್ಣನು ಮಿತಭಾಷಿ. ಸ್ವಲ್ಪ ಹೊತ್ತು ಸುಮ್ಮನಿದ್ದು, ಎಂದೂ ಹೇಳದಿದ್ದ ಸಂಗತಿಯೊಂದನ್ನು ಹೇಳಿದನು. ಅವನು ಹಿಂದೆಯೇ ಹಡಗು ಹತ್ತಿದ್ದನು. 1987ರಲ್ಲಿ ಶ್ರೀಲಂಕೆಗೆ ಹೋದ ನಮ್ಮ ಶಾಂತಿಪಾಲನಾ ಪಡೆಯಲ್ಲಿ ಅವನ ಪಲ್ಟಣವೂ ಇದ್ದಿತು. ಆ ಪಡೆಯ ಕೊನೆಯ ತುಕಡಿ ತ್ರಿಂಕೋಮಲೆಯನ್ನು ಬಿಟ್ಟದ್ದು 1990ರ ಮಾರ್ಚ್ 24ರಂದು. ಅಣ್ಣನು ಅದಕ್ಕೆ ಕೆಲವೇ ದಿನಗಳ ಮುಂಚೆ ಮದರಾಸಿಗೆ ಬಂದಿಳಿದಿದ್ದನು. “ತಮ್ಮಾ, ಆ ಹಡಗಿಗಿ ಟಿಕೆಟ್ ಇದ್ದಿಲ್ಲ. ಪೂರಾ ಮಾಫಿ. ಹೋಗುವಾಗ ನನ್ನ ಬಾಜೂಕ ಕುಂತಿದ್ದಾಂವ ಬರೋವಾಗ ಇದ್ದಿಲ್ಲ” ಎಂದು ನಿಲ್ಲಿಸಿದನು. ಆ ಕಾರ್ಯಾಚರಣೆಯಲ್ಲಿ ಮಡಿದ ನಮ್ಮ ಯೋಧರು ಸಾವಿರಕ್ಕೂ ಮಿಕ್ಕವರು. ರೈಲ್ವೆಯ ಹಳೆಯ ರಿಯಾಯಿತಿಯ ಪಟ್ಟಿಯಲ್ಲಿ ಅವರ ವಿಧವೆಯರಿಗೆಂದು ಒಂದು ಸಾಲು ಪ್ರತ್ಯೇಕವಾಗಿ ಇದ್ದಿತು. ಎರಡನೆಯ ದರ್ಜೆಯಲ್ಲಿ ನೂರಕ್ಕೆ 75. ಉಗ್ರಗಾಮಿಗಳೊಡನೆ ಹೋರಾಡಿ ಮಡಿದ ಪೊಲೀಸರ ಮಡದಿಯರಿಗೂ, 1999ರ ಕಾರ್ಗಿಲ್ ವೀರರ ಮಡದಿಯರಿಗೂ ಅಷ್ಟೇ. ರೋಗಿಗಳು, ವಿದ್ಯಾರ್ಥಿಗಳು, ಅಂಗವಿಕಲರು ಇವರದನ್ನುಳಿದು ಮಿಕ್ಕ ರಿಯಾಯಿತಿಗಳೆಲ್ಲವನ್ನೂ 2020ರ ಮಾರ್ಚಿಯಲ್ಲಿ ನಿಲ್ಲಿಸಿದಾಗ ಆ ಸಾಲುಗಳೂ ನಿಂತುವು. ನನ್ನ ಅರವತ್ತರ ರಿಯಾಯಿತಿ ಹೋಯಿತೆಂದು ಐದು ವರ್ಷ ಗೊಣಗಿದ ನಾನು ಈ ಸಾಲುಗಳ ಕಡೆ ಒಮ್ಮೆಯೂ ಕಣ್ಣು ಹಾಯಿಸಿರಲಿಲ್ಲ.

ಕೊನೆಗೆ ಅಣ್ಣನೇ ತೀರ್ಮಾನ ಹೇಳಿದನು. ಸಿಕ್ಕ ಎರಡು ರಿಯಾಯಿತಿಗಳನ್ನು ಬಿಡುವುದು ಬೇಡ. ಉಳಿದ ಹಣವನ್ನು ಅವನೂ ತಮ್ಮನೂ ಮುಟ್ಟದೆ, ಅಳಿಯ ಮಗಳ ಕೋಣೆಗೆ ಸೇರಿಸುವುದು. ಕಡಿಮೆ ಬಿದ್ದದ್ದು ನನ್ನ ಕೈಯಿಂದ. “ನೀ ಆಡಿದ ಮಾತಿಗಿ ದಂಡ ಅಂತ ತಿಳ್ಕೊ” ಎಂದು ನಕ್ಕನು.

ನಾನು ಔರಾದಿಗೆ ಹೋದೆ. ಅಲ್ಲಿಗೆ ರೈಲಿಲ್ಲ, ಬೀದರಿನಲ್ಲಿ ಬಸ್ಸು ಬದಲಿಸಬೇಕು. ಅಳಿಯಂದಿರು ಆಸ್ಪತ್ರೆಯ ಅಂಗಳದಲ್ಲಿ ಗಾಡಿಯ ಒಳಗನ್ನು ತೊಳೆಯುತ್ತಿದ್ದರು. ಬಕೀಟಿನ ನೀರು ಕೆಂಪಗಿದ್ದಿತು. ಕಲಿತ ವ್ಯಾಕರಣವೆಲ್ಲ ಮರೆತಂತಾಗಿ, “ಅವತ್ತು ನಾನು ಆಡಿದ್ದು ತಪ್ಪು” ಎಂಬಷ್ಟನ್ನೇ ಹೇಳಿದೆ. “ಬಿಡ್ರಿ ಮಾವಾ, ಅದೇನ್ ದೊಡ್ಡ ಮಾತು” ಎಂದರು. ಹಡಗಿನ ಮಾತು ತೆಗೆದಾಗ ಸಂಕೋಚದಿಂದ ತಲೆಯಾಡಿಸಿದರು. “ರೊಕ್ಕದ ಮಾತಲ್ಲರಿ. ಐದಾರು ದಿನ ರಜಾ ಸಿಗಂಗಿಲ್ಲ. ನನ್ ಬದ್ಲಿ ಬರಾವ್ರು ಯಾರೂ ಇಲ್ಲ.” ಅಷ್ಟರಲ್ಲಿ ಕರೆ ಬಂದಿತು. ಹಳ್ಳಿಯೊಂದರಲ್ಲಿ ಹೆರಿಗೆಯ ಬೇನೆ. ಬಕೀಟನ್ನು ಬದಿಗಿಟ್ಟು ಗಾಡಿ ಹತ್ತಿದರು. ಧೂಳಿನಲ್ಲಿ ಆ ಗಾಡಿ ಮರೆಯಾಗುವವರೆಗೆ ನಿಂತು ನೋಡಿದೆ.

ಉಳಿದ ಮೂರು ಜೋಡಿ ಹೊರಟೆವು. ಮಗಳು ಗಂಡನನ್ನು ಬಿಟ್ಟು ಬರಲೊಲ್ಲೆನೆಂದಳು. ಬೀದರಿನಿಂದ ಮುಂಬಯಿಗೆ ನೇರ ರೈಲಿದೆ. ಅದು ಭಾಲ್ಕಿ, ಉದಗೀರ, ಲಾತೂರಿನ ಮೇಲೆ ಹಾಯುತ್ತದೆ. ಸಮುದ್ರದ ವರ್ಣನೆಯನ್ನು ನಾನು ಮಾಡುವುದಿಲ್ಲ, ಬಲ್ಲವರು ಬೇಕಾದಷ್ಟು ಮಾಡಿದ್ದಾರೆ. ನನ್ನ ಮಡದಿ ಅಟ್ಟದ ಮೇಲೆ ನಿಂತು, “ಕಾರಂಜಾ ತುಂಬಿದಾಗ ಹಿಂಗೇ ಕಾಣಿಸ್ತದ, ಆದ್ರ ಆಚೀ ದಂಡಿ ಇಲ್ಲ” ಎಂದಳು. ಅದಕ್ಕಿಂತ ಉತ್ತಮವಾದ ಉಪಮೆ ನನಗೆ ಹೊಳೆಯಲಿಲ್ಲ. ಅಣ್ಣನು ಮೊದಲ ರಾತ್ರಿ ಕೋಣೆಯಿಂದ ಹೊರಗೆ ಬರಲಿಲ್ಲ. ಎರಡನೆಯ ದಿನ ನಸುಕಿನಲ್ಲಿ ಎದ್ದು, ಕಟಾಂಜನವನ್ನು ಹಿಡಿದು ಬಹಳ ಹೊತ್ತು ನಿಂತಿದ್ದನು. ನಾವು ಯಾರೂ ಹತ್ತಿರ ಹೋಗಲಿಲ್ಲ.

ಹಡಗು ಮುಂಬಯಿಯನ್ನು ಬಿಟ್ಟ ಹೊತ್ತಿನಲ್ಲಿ ತಮ್ಮನು ದಡದ ಕಡೆ ಕೈತೋರಿಸಿ ಒಂದು ಸಂಗತಿ ಹೇಳಿದ್ದನು. 1944ರ ಏಪ್ರಿಲ್ 14ರಂದು ಅಲ್ಲಿಯ ವಿಕ್ಟೋರಿಯಾ ಡಾಕಿನಲ್ಲಿ, ಹತ್ತಿಯನ್ನೂ ಸಿಡಿಮದ್ದನ್ನೂ ಹೇರಿಕೊಂಡಿದ್ದ ‘ಫೋರ್ಟ್ ಸ್ಟಿಕೀನ್’ ಎಂಬ ಹಡಗಿಗೆ ಬೆಂಕಿ ಹತ್ತಿತು. ಆರಿಸಲು ಹೋದ ಅಗ್ನಿಶಾಮಕ ದಳದವರಲ್ಲಿ 66 ಮಂದಿ ಸ್ಫೋಟಕ್ಕೆ ಬಲಿಯಾದರು. ದೇಶದಲ್ಲಿ ಅಗ್ನಿಶಾಮಕ ಸೇವಾ ದಿನವನ್ನು ಆಚರಿಸುವುದು ಆ ದಿನವೇ. ಪೊಲೀಸರ ಹುತಾತ್ಮ ದಿನ ಅಕ್ಟೋಬರ್ 21. 1959ರಲ್ಲಿ ಲಡಾಖಿನ ಹಾಟ್ ಸ್ಪ್ರಿಂಗ್ಸಿನಲ್ಲಿ ಹತ್ತು ಮಂದಿ ಪೊಲೀಸರು ಮಡಿದ ದಿನ. “ಪ್ರತಿ ವರ್ಷ ಆ ಪರೇಡಿನ್ಯಾಗ ನಿಂತೀನಿ ಅಣ್ಣಾ, ಬೀದರಿನ ಬಿಸಿಲಾಗ” ಎಂದನು ತಮ್ಮ. ಅಳಿಯಂದಿರಂಥವರಿಗೆ ಯಾವ ದಿನವೆಂದು ನಾನು ಯೋಚಿಸುತ್ತಿದ್ದೆ.

ಇದರಿಂದ ರಿಯಾಯಿತಿಯೇ ಪೊಳ್ಳೆಂದು ಹೇಳುವ ಜಾಣತನ ನನಗೆ ಬೇಡ. ದುಡಿದ ಜೀವಕ್ಕೆ ಯಾರಾದರೂ ನಾಲ್ಕು ಕಾಸು ಬಿಟ್ಟು, ಬನ್ನಿ ಎಂದು ಕರೆದರೆ ಅದು ಒಳ್ಳೆಯ ಮಾತೇ. ಆದರೆ ಚೀಟಿಯನ್ನು ನೋಡುವುದು ಹಡಗಿನವರ ಕೆಲಸ. ಅವರು ಎಲ್ಲಿಯೋ ಗೆರೆ ಎಳೆಯಲೇಬೇಕು. ಮನೆಯವನಾದ ನಾನು ಆ ಗೆರೆಯನ್ನೇ ಮನುಷ್ಯನ ಬೆಲೆಯೆಂದು ಓದಿಬಿಟ್ಟೆನಲ್ಲ, ತಪ್ಪು ಅಲ್ಲಿದ್ದಿತು.

ಹಿಂದಿರುಗಿದಾಗ ಭಾಲ್ಕಿಯ ನಿಲ್ದಾಣದಲ್ಲಿ ಮಗಳೂ ಅಳಿಯಂದಿರೂ ಕಾದಿದ್ದರು. ರಾತ್ರಿಯ ಪಾಳಿ ಮುಗಿಸಿ ಬಂದಿದ್ದ ಅವರ ಕಣ್ಣು ಕೆಂಪಗಿದ್ದುವು. ನನ್ನ ಕೈಯ ಪೆಟ್ಟಿಗೆಯನ್ನು ತೆಗೆದುಕೊಳ್ಳುತ್ತ, “ಸಮುದ್ರ ಹೆಂಗದರಿ ಮಾವಾ?” ಎಂದು ಕೇಳಿದರು. ಅವತ್ತಿನ ಹೆರಿಗೆ ಏನಾಯಿತೆಂದು ನಾನು ಕೇಳಿದೆ. ಆಸ್ಪತ್ರೆ ಮುಟ್ಟುವ ಮೊದಲೇ ಗಾಡಿಯಲ್ಲಿಯೇ ಆಯಿತಂತೆ, ಹೆಣ್ಣು ಮಗು, ತಾಯಿ ಮಗು ಇಬ್ಬರೂ ಕ್ಷೇಮ.

ಅವರ ಕೋಣೆಗೆಂದು ಕೂಡಿಸಿದ ಹಣವನ್ನು ಭಾಲ್ಕಿಯ ಅಂಚೆ ಕಚೇರಿಯಲ್ಲಿ ಮಗಳ ಹೆಸರಿಗೆ ಇಟ್ಟಿದ್ದೇನೆ. ಅಳಿಯಂದಿರಿಗೆ ಒಟ್ಟಿಗೆ ಆರು ದಿನದ ರಜೆ ಸಿಕ್ಕಿದ ವರ್ಷ, ಪೂರ್ಣ ದರ ಕೊಟ್ಟು ಅವರು ಆ ಹಡಗನ್ನು ಹತ್ತತಕ್ಕದ್ದು. ಅವರ ಬದಲಿಗೆ ಔರಾದಿನ ಗಾಡಿಯಲ್ಲಿ ಯಾರಿರುತ್ತಾರೆಂಬ ಚಿಂತೆ ಮಾತ್ರ ಇನ್ನೂ ಬಗೆಹರಿದಿಲ್ಲ.