ಆಕ್ಸಸ್ ಅಲ್ಲ, ಆಕ್ಸನ್

ನಿನ್ನೆ ಸಂಜೆ ಕೊಟ್ಟಿಗೆ ಕೆಲಸ ಮುಗಿಸಿ ಜಗಲಿ ಮೇಲೆ ಕೂತಿದ್ದೆ. ಆರನೇ ಕ್ಲಾಸಿನ ಮಗಳು ನೋಟ್‌ಬುಕ್ ತಂದು ಮುಂದೆ ಇಟ್ಟು, "ಅಪ್ಪಾ, ನಾಳೆ ನಾನು ಶಾಲೆಗೆ ಹೋಗಲ್ಲ" ಅಂದಳು. 'ನಮ್ಮ ಮನೆ' ಅಂತ ಇಂಗ್ಲಿಷಲ್ಲಿ ಬರೆಯುವಾಗ ನಮ್ಮ ಜೋಡಿ ಎತ್ತಿಗೆ 'ಟೂ ಆಕ್ಸಸ್' ಅಂತ ಬರೆದಿದ್ದಾಳೆ. ಓದಿದಾಗ ಕ್ಲಾಸೆಲ್ಲಾ ನಕ್ಕಿತಂತೆ.

ನನ್ನ ಹಳೇ ಗಾಯ ನೆನಪಾಯ್ತು ಸ್ನೇಹಿತರೆ. ಪಿಯುಸೀಲಿ ನಾನೂ 'ಶೀಪ್ಸ್' ಅಂತ ಹೇಳಿ ನಗೆಪಾಟಲಾದವನೇ. ಆಮೇಲೆ ಹತ್ತು ವರ್ಷ ಇಂಗ್ಲಿಷಲ್ಲಿ ಬಾಯಿ ಬಿಡಲಿಲ್ಲ. ಯಾಕೆ ಹೀಗೆ ಅಂತ ತಡವಾಗಿ ಹುಡುಕಿ ಓದಿಕೊಂಡೆ. ಅದನ್ನೇ ಅವಳಿಗೂ ಹೇಳಿದೆ.

ಸಾವಿರ ವರ್ಷದ ಹಿಂದಿನ ಇಂಗ್ಲಿಷಲ್ಲಿ ಬಹುವಚನಕ್ಕೆ ಒಂದೇ ದಾರಿ ಇರಲಿಲ್ಲ. ಎತ್ತಿನಂಥ ಪದಗಳಿಗೆ ಕೊನೇಲಿ 'ನ್' ಸೇರುತ್ತಿತ್ತು, ಅದೇ ಆಕ್ಸನ್. ಕೆಲವಕ್ಕೆ ಒಳಗಿನ ಸ್ವರವೇ ಬದಲಾಗುತ್ತಿತ್ತು: ಫುಟ್–ಫೀಟ್, ಟೂತ್–ಟೀತ್, ಮೌಸ್–ಮೈಸ್. ಕುರಿಗೆ ಒಂದಾದರೂ ನೂರಾದರೂ ಒಂದೇ ರೂಪ. 'ಎಸ್' ಆಗ ಹಲವು ದಾರಿಗಳಲ್ಲಿ ಒಂದು ಅಷ್ಟೆ. ಆಮೇಲೆ ಪಾರ್ಥೇನಿಯಂ ಥರ ಎಲ್ಲಾ ಕಡೆ ಹಬ್ಬಿತು. 'ಬುಕ್' ಕೂಡ ಮೊದಲು ಸ್ವರ ಬದಲಿಸುತ್ತಿದ್ದ ಪದ, ಅದೂ 'ಬುಕ್ಸ್' ಆಯ್ತು. ಹಳೇ ರೂಪ ಉಳಿಸಿಕೊಂಡಿದ್ದು ಹೆಚ್ಚಾಗಿ ಜನ ದಿನಾ ಆಡುತ್ತಿದ್ದ ಪದಗಳು: ಕಾಲು, ಹಲ್ಲು, ಇಲಿ, ಕುರಿ, ಎತ್ತು, ಮಕ್ಕಳು. ಚೈಲ್ಡ್ ಕಥೆ ಇನ್ನೂ ಚೆಂದ. ಮೊದಲು 'ಚಿಲ್ಡರ್' ಅಂದರೇ ಮಕ್ಕಳು. ಅದು ಸಾಲದು ಅಂತ ಆಕ್ಸನ್ನಿನ 'ಎನ್' ಕೂಡ ಅಂಟಿಸಿ ಚಿಲ್ಡ್ರನ್ ಮಾಡಿದರು. ಬಹುವಚನದ ಮೇಲೆ ಬಹುವಚನ!

"ನಮ್ಮಲ್ಲೂ ಇದೆ ಕಣಮ್ಮ. ಮಗು ಹೆಚ್ಚಾದರೆ ಮಗುಗಳು ಅಂತೀಯಾ?"

"ಇಲ್ಲಪ್ಪ, ಮಕ್ಕಳು."

"ಸಂತೇಲಿ ಹತ್ತು ಕುರಿಗಳು ಅಂತ ಯಾರಾದರೂ ಕೇಳ್ತಾರಾ?"

"ಹತ್ತು ಕುರಿ ಅಂತಾರೆ" ಅಂದವಳೇ ನಕ್ಕಳು.

"ನೀನು ನಿಯಮ ಸರಿಯಾಗೇ ಹಾಕಿದೀಯ. ಆ ಪದ ಹಳೇ ದಾರಿ ಬಿಟ್ಟಿಲ್ಲ, ಅಷ್ಟೆ."

'ಆಕ್ಸನ್' ಅಂತ ತಿದ್ದಿ ಬರೆದಳು. ಬೆಳಿಗ್ಗೆ ಎತ್ತುಗಳಿಗೆ ಹುಲ್ಲು ಹಾಕ್ತಿದ್ದಾಗ ಬ್ಯಾಗು ಹಾಕ್ಕೊಂಡು ಬಂದು, "ಬರ್ತೀನಪ್ಪ" ಅಂತ ಹೇಳಿ ಶಾಲೆಗೆ ಹೋದಳು.

ಮಕ್ಕಳು ಹೀಗೆ ತಪ್ಪಿದಾಗ ನಗಬೇಡಿ. ಯಾಕೆ ಅಂತ ಜೊತೆಗೆ ಕೂತು ಹುಡುಕಿ. ನನ್ನ ಥರ ಹತ್ತು ವರ್ಷ ಬಾಯಿ ಮುಚ್ಚಿಕೊಂಡು ಕೂರೋದು ಬೇಡ.