ಮೇಡಂ ಸೇವ್ ಮಾಡಿದ್ರು ಸ್ವಾಮಿ!

ಸಾಫ್ಟ್‌ವೇರ್ ಇಂಜಿನಿಯರ್ ಅಂದ್ರೆ ಪ್ರಿಂಟರಿನಿಂದ ಹಿಡಿದು ಎಲ್ಲಾನೂ ರಿಪೇರಿ ಮಾಡ್ತಾನೆ ಅನ್ನೋ ನಂಬಿಕೆ ನಮ್ಮ ಮನೆಯಲ್ಲಷ್ಟೇ ಅಲ್ಲ, ಆಫೀಸಿನಲ್ಲೂ ಇದೆ. ಚಿಕ್ಕ ಕಂಪನಿ ನಮ್ಮದು. ಕೋಡ್ ಬರೆಯೋದೂ ನಾನೇ, ಫೈಲ್ ಸರ್ವರ್ ನೋಡಿಕೊಳ್ಳೋದೂ ನಾನೇ.

ಮಾರ್ಚ್ ಕೊನೆಯ ವಾರ. ಅಕೌಂಟ್ಸ್ ಮೇಡಂ ಬೆಳಗ್ಗೆಯಿಂದ ಕೂತು ಒಂದು ಎಕ್ಸೆಲ್ ಫೈಲಿಗೆ ವರ್ಷದ ಲೆಕ್ಕವನ್ನೆಲ್ಲ ತುಂಬಿದ್ದರು. ಸಂಜೆ ಸೇವ್ ಒತ್ತಿದರೆ ಏನೋ ಎರರ್. ಗಾಬರಿಯಲ್ಲಿ ಯಾವುದೋ ಗುಂಡಿ ಒತ್ತಿ ಮುಚ್ಚಿಬಿಟ್ಟಿದ್ದಾರೆ. ಮಾರನೇ ದಿನ ತೆಗೆದರೆ ಹಳೇ ಫೈಲು! "ಸೇವ್ ಮಾಡಿದ್ದೆ ಕಣಪ್ಪಾ" ಅಂತ ಅವರು ಹೇಳ್ತಾನೇ ಇದ್ರು. ಮ್ಯಾನೇಜರ್ ಮಾತ್ರ ಎಲ್ಲರೆದುರಿಗೆ "ವಯಸ್ಸಾಯ್ತು ಮೇಡಂ ನಿಮಗೆ" ಅಂದುಬಿಟ್ಟರು. ನಾಲ್ಕು ಜನ ನಕ್ಕರು. ಸುಳ್ಳು ಯಾಕೆ, ನಾನೂ ನಕ್ಕೆ.

ಮೊದಲು ಫೈಲಿನ ಹೆಸರಿನ ಮೇಲೆ ಅನುಮಾನ ಬಂತು. ಫೋಲ್ಡರಿನ ದಾರಿಯೂ ಸೇರಿ 218 ಅಕ್ಷರ ದಾಟಿದರೆ ಎಕ್ಸೆಲ್ ತಕರಾರು ಮಾಡುತ್ತೆ. ಅದರಲ್ಲೂ ಮೇಡಂ ಕನ್ನಡದಲ್ಲೇ ಹೆಸರಿಡೋರು. 'ಲೆಕ್ಕಪತ್ರ' ನಮ್ಮ ಕಣ್ಣಿಗೆ ನಾಲ್ಕಕ್ಷರ, ಯೂನಿಕೋಡಿಗೆ 9. ಒತ್ತು, ಗುಣಿತ ಎಲ್ಲ ಬೇರೆ ಬೇರೆ ಲೆಕ್ಕ! ಎಣಿಸಿ ನೋಡಿದೆ, ನೂರೂ ದಾಟಿರಲಿಲ್ಲ. ಆಂಟಿವೈರಸ್ ನಿಲ್ಲಿಸಿ ನೋಡಿದೆ, ಊಹೂಂ. ನನ್ನ ಕಂಪ್ಯೂಟರಿನಿಂದ ಸೇವ್ ಮಾಡಿದರೆ ಆರಾಮಾಗಿ ಆಗುತ್ತೆ! (ನಾನು ಅಡ್ಮಿನ್ ಅನ್ನೋದು ಆಗ ತಲೆಗೆ ಹೊಳೀಲಿಲ್ಲ.)

ಕೊನೆಗೆ ಮೇಡಂ ಸೀಟಿನಲ್ಲೇ ಕೂತು, ಅದೇ ಫೋಲ್ಡರಿನಲ್ಲಿದ್ದ ಒಂದು ಹಳೇ ಟೆಕ್ಸ್ಟ್ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆಗೆದು ಒಂದು ಸಾಲು ಸೇರಿಸಿದೆ. ಸೇವ್ ಆಯ್ತು. ವರ್ಡ್ ಫೈಲ್ ಆಗಲಿಲ್ಲ. ಎಕ್ಸೆಲ್ಲೂ ಇಲ್ಲ.

ಆಗ ಎದೆ ಧಸಕ್ಕೆಂದಿತು.

ನೋಟ್‌ಪ್ಯಾಡ್ ಇದ್ದ ಫೈಲಿನ ಮೇಲೇ ಬರೆಯುತ್ತೆ. ವರ್ಡ್, ಎಕ್ಸೆಲ್ ಹಾಗಲ್ಲ. ಅದೇ ಫೋಲ್ಡರಿನಲ್ಲಿ ಒಂದು ತಾತ್ಕಾಲಿಕ ಫೈಲ್ ಮಾಡಿ, ಎಲ್ಲವನ್ನೂ ಅದಕ್ಕೆ ಬರೆದು, ಆಮೇಲೆ ಹಳೆಯದನ್ನು ತೆಗೆದು ಹೊಸದಕ್ಕೆ ಆ ಹೆಸರಿಡುತ್ತವೆ. ಅಂದರೆ ಬರೆಯೋಕೆ ಅನುಮತಿ ಇದ್ದರೆ ಸಾಲದು, ಅಳಿಸೋಕೂ ಬೇಕು. ಹೆಸರು ಬದಲಿಸೋಕೂ ಅದೇ ಅನುಮತಿ. ಆ ಫೋಲ್ಡರಿನಿಂದ ಅಳಿಸುವ ಅನುಮತಿ ಕಿತ್ತು ಹಾಕಿದ್ದು ಯಾರು? ಮೇಡಂ ಸೇವ್ ಒತ್ತಿದ್ದಕ್ಕೂ ಹಿಂದಿನ ರಾತ್ರಿ, 'ಯಾರೂ ಕೈತಪ್ಪಿ ಡಿಲೀಟ್ ಮಾಡದಿರಲಿ' ಅಂತ, ಮಹಾ ಬುದ್ಧಿವಂತನಾದ ನಾನೇ.

ಫೋಲ್ಡರಿನಲ್ಲಿ ಎಂಟು ಅಕ್ಷರ-ಅಂಕೆಗಳ ವಿಚಿತ್ರ ಹೆಸರಿನ, ಎಕ್ಸ್‌ಟೆನ್ಶನ್ನೇ ಇಲ್ಲದ ಒಂದು ಫೈಲ್ ಬಿದ್ದಿತ್ತು. ಹಿಂದಿನ ದಿನ ಸಂಜೆಯ ಹೊತ್ತಿನದು. ಕಾಪಿ ಮಾಡಿಕೊಂಡು, ಹೆಸರಿನ ಕೊನೆಗೆ ಎಕ್ಸೆಲ್ ಬಾಲ ಅಂಟಿಸಿ ತೆಗೆದೆ. ಮೇಡಂ ತುಂಬಿದ ಲೆಕ್ಕ ಪೂರ್ತಿ ಅಲ್ಲೇ ಇತ್ತು! ಅವರು ಸೇವ್ ಮಾಡಿದ್ದು ನಿಜ. ಎಕ್ಸೆಲ್ಲಿಗೆ ಹಳೆಯದನ್ನು ಸರಿಸಿ ಆ ಜಾಗಕ್ಕೆ ಬರೋಕೆ ನಾನು ಬಿಟ್ಟಿರಲಿಲ್ಲ. ಅನುಮತಿ ವಾಪಸ್ ಕೊಟ್ಟೆ. ಕೈತಪ್ಪಿ ಅಳಿಸಿದರೆ ಅಂತ ಬ್ಯಾಕಪ್ ಹೇಗೂ ಇದೆ, ಅದನ್ನು ಸರಿಯಾಗಿ ನೋಡಿಕೊಂಡರೆ ಆಯ್ತು.

ಆಮೇಲೆ ಮ್ಯಾನೇಜರಿಗೆ ಮೇಲ್ ಹಾಕಿದೆ: 'ಸರ್ವರಿನಲ್ಲಿದ್ದ ತೊಂದರೆಯನ್ನು ಸರಿಪಡಿಸಲಾಗಿದೆ.' ಸರಿಪಡಿಸಲಾಗಿದೆ! ಯಾರಿಂದ ತೊಂದರೆ ಆಯ್ತು ಅಂತ ಹೇಳದೇ ಇರೋಕೆ ಎಂಥಾ ಅನುಕೂಲದ ವ್ಯಾಕರಣ ನೋಡಿ.

ಮರುದಿನ ಮೇಡಂ ಒಂದು ಡಬ್ಬಿ ಚಕ್ಕುಲಿ ತಂದು ನನ್ನ ಮೇಜಿನ ಮೇಲಿಟ್ಟರು. "ನೀನು ಇಲ್ಲದಿದ್ರೆ ನನ್ನ ಮಾನ ಹೋಗ್ತಿತ್ತಪ್ಪಾ." ಒಂದು ಚಕ್ಕುಲಿ ಬಾಯಿಗಿಟ್ಟೆ, ನುಂಗೋಕಾಗಲಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟೆ.

ಅವರು ಒಂದು ನಿಮಿಷ ಸುಮ್ಮನಿದ್ದರು.

"ಹಂಗಾದ್ರೆ ಇದನ್ನ ಮ್ಯಾನೇಜರಿಗೂ ಹೇಳು. ಅವತ್ತು ನಕ್ಕೋರಿಗೂ."

ಎರಡನೇ ಮೇಲ್ ಬರೆಯೋಕೆ ಅರ್ಧ ಗಂಟೆ ಹಿಡೀತು. 'ನಾನು' ಅಂತ ಶುರು ಮಾಡಿ ಎಲ್ಲರಿಗೂ ಕಳಿಸಿದೆ. ಚಕ್ಕುಲಿ ಡಬ್ಬಿ ಮಾತ್ರ ಅವರು ವಾಪಸ್ ತಗೊಂಡು ಹೋಗಲಿಲ್ಲ :-)