ಭೂರಿಯ ಬುಟ್ಟಿ

ಎರ್ಮಾಳಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರಿಂದ ಪಡುವಣಕ್ಕೆ ಇಳಿದರೆ ಕಡಲು ಹೆಚ್ಚು ದೂರವಿಲ್ಲ. ನಡುವಿನ ಆ ಪಟ್ಟಿಯಲ್ಲೇ ಮನೆ, ಬಾವಿ, ತೆಂಗು, ಹಿತ್ತಲು ಎಲ್ಲವೂ. ಮಳೆಗಾಲದಲ್ಲಿ ಒಂದು ಕಡೆಯಿಂದ ಲಾರಿಗಳ ಸದ್ದು, ಇನ್ನೊಂದು ಕಡೆಯಿಂದ ಅಲೆಗಳ ಸದ್ದು. ಎರಡು ವರ್ಷಗಳಿಂದ ಇವುಗಳ ನಡುವೆ ನಮ್ಮ ಹಿತ್ತಲಿನ ಬಾತುಗಳ ಸದ್ದೂ ಸೇರಿಕೊಂಡಿದೆ.

ನಾವು ಬಾತು ತಂದದ್ದು ಬಸವನಹುಳುಗಳ ಕಾಟಕ್ಕೆ. ಮಳೆ ಹಿಡಿದರೆ ಬಸಳೆ, ಬೆಂಡೆ ಯಾವುದನ್ನೂ ಅವು ಉಳಿಸುತ್ತಿರಲಿಲ್ಲ. ಬಾತುಗಳಿಗೆ ಅದೇ ಮೃಷ್ಟಾನ್ನ ಎಂದು ಯಾರೋ ಹೇಳಿದರು. ರಸ್ತೆ ಬದಿಯಲ್ಲಿ ಮಾರುತ್ತಿದ್ದವನಿಂದ ಆರು ಮರಿ ತಂದೆವು. ಒಂದನ್ನು ಮುಂಗುಸಿ ಒಯ್ದಿತು. ಉಳಿದ ಐದರಲ್ಲಿ ಗಂಡು ಯಾವುದು, ಹೆಣ್ಣು ಯಾವುದು ಎಂಬುದು ನಮಗೆ ತಿಳಿದದ್ದು ಎರಡು ತಿಂಗಳಾಗಿ ಸ್ವರ ಒಡೆದ ಮೇಲೆ. ಗಟ್ಟಿಯಾಗಿ 'ಕ್ವಾಕ್ ಕ್ವಾಕ್' ಎಂದು ಊರಿಗೆ ಕೇಳುವಂತೆ ಕೂಗುವುದು ಹೆಣ್ಣು. ಗಂಡಿನದು ನೆಗಡಿಯಾದವರಂತೆ ತಗ್ಗಿದ, ಒಡಕು ದನಿ. ಬಾಲದ ಮೇಲೆ ಸುರುಳಿ ಸುತ್ತಿದ ಒಂದೆರಡು ಗರಿ ಕಾಣಿಸಿಕೊಂಡರೆ ಅದು ಗಂಡೇ. ಹೀಗೆ ಲೆಕ್ಕ ಹಾಕಿದಾಗ ಮೂರು ಹೆಣ್ಣು, ಎರಡು ಗಂಡು. ಮಕ್ಕಳು ದೊಡ್ಡ ಗಂಡಿಗೆ ಪೈಲ್ವಾನ್ ಎಂದು ಹೆಸರಿಟ್ಟರು. ಎಲ್ಲಕ್ಕಿಂತ ಸಣ್ಣ ಕಂದು ಹೆಣ್ಣಿಗೆ ಭೂರಿ ಎಂದರು.

ಮೊದಲ ವರ್ಷ ಎಲ್ಲವೂ ಚೆನ್ನಾಗಿತ್ತು. ಎರಡನೆಯ ಮಳೆಗಾಲದಲ್ಲಿ ಪೈಲ್ವಾನ್ ಬದಲಾದ. ಬೆಳಿಗ್ಗೆ ಗೂಡಿನ ಬಾಗಿಲು ತೆರೆದ ಕೂಡಲೇ ಭೂರಿಯ ಬೆನ್ನು ಹತ್ತುತ್ತಿದ್ದ. ಅವಳ ಹಿಂದಲೆಯ ಗರಿಗಳನ್ನು ಕೊಕ್ಕಿನಲ್ಲಿ ಕಚ್ಚಿ ಹಿಡಿದು ನೆಲಕ್ಕೆ ಅದುಮುತ್ತಿದ್ದ. ಅವನು ಬಿಟ್ಟರೆ ಇನ್ನೊಬ್ಬ ಕಾದು ನಿಂತಿರುತ್ತಿದ್ದ. ವಾರದೊಳಗೆ ಭೂರಿಯ ತಲೆ, ಕತ್ತು ಬೋಳಾಗಿ ರಕ್ತ ಒಸರತೊಡಗಿತು. ಬಟ್ಟೆ ಒಣಹಾಕಲು ಹೋದ ಮಗಳ ಕಾಲಿಗೂ ಪೈಲ್ವಾನ್ ಕಚ್ಚಿದ.

ನಮ್ಮ ಮೊದಲ ಉಪಾಯ ಕೋಲು. ಎರಡು ಪೆಟ್ಟು ಕೊಟ್ಟರೆ ಬುದ್ಧಿ ಬಂದೀತು ಎಂದುಕೊಂಡೆವು. ಪೆಟ್ಟು ತಿಂದವನು ಮತ್ತಷ್ಟು ಕೆರಳಿ ಕುತ್ತಿಗೆ ಚಾಚಿ ನಮ್ಮ ಮೇಲೆಯೇ ಬಂದ. "ಕೊಯ್ದುಬಿಡಿ, ಒಂದು ಹೊತ್ತಿನ ಸಾರಿಗಾಯಿತು" ಎಂದರು ನಮ್ಮ ಮನೆಯವರು. ಅದರಲ್ಲಿ ತಪ್ಪೇನೂ ಇರಲಿಲ್ಲ. ಬಾತು ಹಲಾಲ್. ಆದರೆ ಕೊಯ್ಯುವಾಗಲೂ ಪ್ರಾಣಿಗೆ ಒಳಿತನ್ನೇ ಬಯಸಬೇಕು, ಕತ್ತಿ ಹರಿತವಾಗಿರಬೇಕು ಎಂದು ಪ್ರವಾದಿಯವರು (ಸ) ಕಲಿಸಿದ್ದಾರೆ. ನಮ್ಮ ಕೈಯಲ್ಲಿ ಆಗ ಇದ್ದದ್ದು ಬರೀ ಸಿಟ್ಟು. ಸಿಟ್ಟಿನಲ್ಲಿ ಕತ್ತಿ ಹಿಡಿಯಲು ಮನಸ್ಸು ಬರಲಿಲ್ಲ.

ಕೊನೆಗೆ ಎಲ್ಲಕ್ಕಿಂತ ಸುಲಭದ ದಾರಿ ಹಿಡಿದೆವು. ಭೂರಿಯನ್ನು ಎತ್ತಿ ತಂದು, ಗಾಯಕ್ಕೆ ಅರಿಶಿನ, ಕೊಬ್ಬರಿ ಎಣ್ಣೆ ಹಚ್ಚಿ, ಬಚ್ಚಲ ಬದಿಯಲ್ಲಿ ದೊಡ್ಡ ಬುಟ್ಟಿ ಕವುಚಿ ಅದರೊಳಗೆ ಇಟ್ಟೆವು. ತೌಡು ಕಲಸಿ ಇಟ್ಟೆವು, ನೀರಿಟ್ಟೆವು. ಸಮಸ್ಯೆ ಮುಗಿಯಿತು ಎಂದುಕೊಂಡು ಜಗಲಿಗೆ ಬಂದು ಕುಳಿತೆವು.

ನಾಲ್ಕನೆಯ ದಿನ ಆಪಾ ಬುಟ್ಟಿಯ ಮುಂದೆ ಕುಕ್ಕರುಗಾಲಲ್ಲಿ ಕುಳಿತಿದ್ದರು. ಒಳಗಿನಿಂದ ಭೂರಿ ಕೂಗುತ್ತಿತ್ತು. ಹೊರಗೆ ಮಳೆಯಲ್ಲಿ ಪೈಲ್ವಾನ್ ಉಳಿದ ಹೆಣ್ಣುಗಳ ಹಿಂದೆ ಬಿದ್ದಿದ್ದ. ನಮ್ಮ ಕಡೆ ತಿರುಗದೆಯೇ ಆಪಾ ಕೇಳಿದರು: "ಕಚ್ಚಿದವನು ಅಂಗಳದಲ್ಲಿ, ಕಚ್ಚಿಸಿಕೊಂಡವಳು ಬುಟ್ಟಿಯಲ್ಲಿ. ಇದು ಯಾವ ನ್ಯಾಯವೋ ತಮ್ಮಾ?"

ನಾವು ಏನೂ ಹೇಳಲಿಲ್ಲ. ಹೇಳಲು ಇರಲಿಲ್ಲ ಎಂದಲ್ಲ. ಆಪಾ ಗಂಡನ ಮನೆಯಿಂದ ಮೈಮೇಲಿನ ಗುರುತುಗಳೊಡನೆ ಮರಳಿ ಬಂದು ಇಪ್ಪತ್ತು ವರ್ಷ ದಾಟಿದೆ. ಬಂದ ಹೊಸತರಲ್ಲಿ ಮನೆಯಲ್ಲಿ ನಾವೆಲ್ಲ ಅವರಿಗೆ ಹೇಳಿದ್ದು ಒಂದೇ ಮಾತು: ಜಗಲಿಗೆ ಬರಬೇಡಿ, ಮದುವೆ ಮನೆಗಳಿಗೆ ಸದ್ಯ ಬೇಡ, ಜನ ಕೇಳುತ್ತಾರೆ. ಅವರ ಒಳ್ಳೆಯದಕ್ಕೇ ಹೇಳಿದ್ದು. ಆ ಮನುಷ್ಯ ಮಾತ್ರ ಮರುವರ್ಷವೇ ಇನ್ನೊಂದು ಮದುವೆಯಾದ. ಊರಿನ ನಿಕಾಹ್‌ಗಳಲ್ಲಿ ಮೊದಲ ಸಾಲಿನಲ್ಲಿ ಕುಳಿತ. ನಾವೂ ಅವನಿಗೆ ಸಲಾಮ್ ಹೇಳಿದ್ದುಂಟು. ಹೆಣ್ಣುಮಕ್ಕಳ ನೋವಿನ ಬಗ್ಗೆ ಕತೆಗಳನ್ನು ಬರೆದು ಮೆಚ್ಚುಗೆ ಪಡೆದ ಮೇಲೂ ನಮಗೆ ಇದು ಹೊಳೆದಿರಲಿಲ್ಲ. ಹೊಳೆಯಲು ಒಂದು ಬಾತು ಬೇಕಾಯಿತು.

ಮರುದಿನ ಪಶುವೈದ್ಯರಲ್ಲಿಗೆ ಹೋದೆವು. ಅವರು ಕೇಳಿದ ಮೊದಲ ಪ್ರಶ್ನೆ, "ಎಷ್ಟು ಹೆಣ್ಣಿಗೆ ಎಷ್ಟು ಗಂಡು?" ಹೇಳಿದೆವು. ಅವರು ನಕ್ಕರು. ಒಂದು ಗಂಡಿಗೆ ಐದಾರು ಹೆಣ್ಣಾದರೂ ಇರಬೇಕು. ಇಲ್ಲದಿದ್ದರೆ ಇರುವ ಹೆಣ್ಣುಗಳಿಗೆ ಉಸಿರಾಡಲು ಬಿಡುವಿಲ್ಲ. ಅದರಲ್ಲೂ ಓಡಲಾಗದ ಸಣ್ಣದರ ಮೇಲೆಯೇ ಎಲ್ಲ ಭಾರ. ನೀರಿನಲ್ಲಾದರೆ ಇಬ್ಬರು ಸೇರಿ ಒಂದನ್ನು ಮುಳುಗಿಸಿ ಕೊಲ್ಲುವುದೂ ಉಂಟು. ಇಂಥ ಗಂಡನ್ನು ಕೋಳಿಗಳ ಜೊತೆಗೂ ಬಿಡಬಾರದು, ಅದರ ಶರೀರದ ರಚನೆ ಹುಂಜನಂತಲ್ಲ, ಹೇಂಟೆಗೆ ಒಳಗಾಯವಾಗುತ್ತದೆ ಎಂದರು. ಹೊಡೆದರೆ ಅದು ನಮ್ಮನ್ನೂ ಎದುರಾಳಿ ಎಂದೇ ತಿಳಿಯುತ್ತದೆ. ಮೇಲೆ ಬಂದಾಗ ಓಡದೆ, ಹೊಡೆಯದೆ, ಎತ್ತಿ ಕಂಕುಳಲ್ಲಿ ಅವುಚಿ ಹಿಡಿದು ತಣ್ಣಗಾದ ಮೇಲೆ ಬಿಡಬೇಕು. ಮುಖ್ಯವಾಗಿ ಗಂಡುಗಳನ್ನು ಬೇರೆ ಮಾಡಬೇಕು, ಹೆಣ್ಣುಗಳು ಅವುಗಳ ಕಣ್ಣಿಗೆ ಬೀಳಬಾರದು. "ಮೊಟ್ಟೆ?" ಎಂದೆವು. ಮೊಟ್ಟೆಗೆ ಗಂಡು ಬೇಕಿಲ್ಲ, ಮರಿಗೆ ಮಾತ್ರ ಬೇಕು ಎಂದರು.

ಆಸ್ಟ್ರಿಯಾದ ಕೊನ್ರಾಡ್ ಲೊರೆಂಜ್ ಪ್ರಾಣಿಗಳ ನಡವಳಿಕೆಯ ಅಧ್ಯಯನಕ್ಕಾಗಿ 1973ರಲ್ಲಿ ನೊಬೆಲ್ ಪಡೆದವರು. ಹಕ್ಕಿಗಳ ಭಾಷೆ ಬಲ್ಲ ಹಝ್ರತ್ ಸುಲೈಮಾನರ (ಅ) ಉಂಗುರದ ಹೆಸರನ್ನೇ ತಮ್ಮ ಒಂದು ಪುಸ್ತಕಕ್ಕೆ ಇಟ್ಟವರು. ಅದರಲ್ಲಿ ಅವರು ಒಂದೇ ಪಂಜರದಲ್ಲಿ ಬೇರೆ ಬೇರೆ ಜಾತಿಯ ಎರಡು ಬೆಳವಗಳನ್ನು ಇಟ್ಟುಹೋದ ಸಂಗತಿ ಬರುತ್ತದೆ. ಮರಳಿ ಬಂದು ನೋಡಿದರೆ ಒಂದರ ಹಿಂದಲೆ, ಕತ್ತು ಸುಲಿದುಹೋಗಿತ್ತು. ಶಾಂತಿಯ ಗುರುತೆಂದು ನಾವು ತಿಳಿದ ಹಕ್ಕಿ ಹೀಗೆ ಮಾಡಿತ್ತು. ಬಯಲಿನಲ್ಲಾದರೆ ಸೋತ ಹಕ್ಕಿ ಹಾರಿಹೋಗುತ್ತದೆ. ಪಂಜರದಲ್ಲಿ ಹಾರಲು ಜಾಗವಿಲ್ಲ. ನಮ್ಮ ಹಿತ್ತಲೂ ಅಂಥದೇ ಪಂಜರವಾಗಿತ್ತು. ಲೆಕ್ಕ ತಪ್ಪಿದ್ದು ನಮ್ಮದು, ಬೇಲಿ ಕಟ್ಟಿದ್ದು ನಾವು, ಪುಂಡ ಎಂಬ ಬಿರುದು ಮಾತ್ರ ಪೈಲ್ವಾನನಿಗೆ.

ನೆರೆಮನೆಯ ಮೊಗವೀರ ಅಕ್ಕ ವಿಷಯ ಕೇಳಿ, "ಹಳೆ ಬಲೆ ಉಂಟು ಸಾಯ್ಬರೇ, ಕೊಂಡೋಗಿ" ಎಂದರು. ಆ ಬಲೆಯನ್ನು ಹಿತ್ತಲಿನ ನಡುವೆ ಗೂಟಗಳಿಗೆ ಕಟ್ಟಿ, ಆಚೆ ಈಚೆ ಕಾಣದಂತೆ ಮಡಲಿನ ತಟ್ಟಿ ನಿಲ್ಲಿಸಿದೆವು. ಗಂಡುಗಳೆರಡೂ ಆ ಬದಿಗೆ. ಎರಡು ದಿನ ಪೈಲ್ವಾನ್ ತಟ್ಟಿಯ ಉದ್ದಕ್ಕೂ ಅತ್ತಿಂದಿತ್ತ ನಡೆದ. ಮೂರನೆಯ ದಿನ ಹಳೆಯ ಟಬ್ಬಿನ ನೀರಿನಲ್ಲಿ ಕುಳಿತು ತನ್ನ ಜೊತೆಗಾರನೊಂದಿಗೆ ಗರಿ ತಿದ್ದಿಕೊಳ್ಳತೊಡಗಿದ. ಹೆಣ್ಣು ಕಾಣದಿದ್ದರೆ ಗಂಡುಗಳಿಗೆ ತಮ್ಮೊಳಗೂ ಜಗಳವಿಲ್ಲ ಎಂಬುದು ನಮಗೆ ಅಂದು ತಿಳಿಯಿತು.

ಅದೇ ದಿನ ಆಪಾ ಬುಟ್ಟಿ ಎತ್ತಿದರು. ಭೂರಿ ಹೊರಗೆ ಬರಲಿಲ್ಲ. ಬುಟ್ಟಿ ಇದ್ದ ಜಾಗದಲ್ಲೇ, ಅದರ ವೃತ್ತದೊಳಗೇ ನಿಂತಿತ್ತು. ಉಳಿದ ಎರಡು ಹೆಣ್ಣುಗಳು ಕೂಗಿದರೂ ಕದಲಲಿಲ್ಲ. ಸಂಜೆಯ ಹೊತ್ತಿಗೆ ಆಪಾ ಒಂದಷ್ಟು ಬಸವನಹುಳುಗಳನ್ನು ಹೆಕ್ಕಿ ತಂದು, ಒಂದೊಂದನ್ನೇ ದೂರ ದೂರ ಇಡುತ್ತ ಅದನ್ನು ಬಾವಿಕಟ್ಟೆಯವರೆಗೆ ಕರೆದುಕೊಂಡು ಹೋದರು. ತಲೆಯ ಗರಿ ಪೂರ್ತಿ ಬರಲು ಒಂದೆರಡು ತಿಂಗಳೇ ಹಿಡಿಯಿತು. ಈಗ ಮೊಟ್ಟೆಯನ್ನೂ ಇಡುತ್ತಿದೆ.

ಮೊನ್ನೆ ಕಾಪುವಿನಲ್ಲಿ ಹತ್ತಿರದ ನೆಂಟರ ಮದುವೆಯಿತ್ತು. ಆಪಾರ ಕೋಣೆಯ ಬಾಗಿಲಲ್ಲಿ ನಿಂತು, "ಈ ಸಲ ನೀವೂ ಬರಬೇಕು" ಎಂದೆವು. ಇಷ್ಟು ವರ್ಷಗಳಲ್ಲಿ ನಾವಾಗಿ ಹೀಗೆ ಕರೆದದ್ದು ಅದೇ ಮೊದಲು. ಅವರು ಕೈಯಲ್ಲಿದ್ದ ಕೆಲಸ ಬಿಟ್ಟು ನಮ್ಮನ್ನು ಸ್ವಲ್ಪ ಹೊತ್ತು ನೋಡಿದರು.

"ಭೂರಿಗೆ ತೌಡು ಕಲಸಬೇಕು. ನೀವೆಲ್ಲ ಹೋಗಿ ಬನ್ನಿ" ಎಂದರು.